ನನ್ನ ಮೊಣಕೈಯ ಎತ್ತರಕ್ಕೆ ಮಾಡಿಸಿದ ಮೇಜು

ನಮ್ಮ ಶಾಲೆಯ ಕೈಕೆಲಸದ ಮೇಷ್ಟರಾಗಿದ್ದ ಪುಟ್ಟಾಚಾರ್ಯರಿಗೆ,

ನಾನು ಮುಖ್ಯೋಪಾಧ್ಯಾಯನಾಗಿ, ನೀವು ಮೇಷ್ಟರಾಗಿ ಒಂದೇ ಸೂರಿನಡಿ ವರ್ಷಗಟ್ಟಲೆ ಕೆಲಸ ಮಾಡಿಯೂ ನಿಮ್ಮನ್ನು ಮಿತ್ರರೇ ಎಂದು ಒಮ್ಮೆಯೂ ಕರೆಯಲಿಲ್ಲ. ನೀವು ತೀರಿಕೊಂಡ ಮೇಲೆ ಕರೆಯುವ ಹಕ್ಕು ನನಗಿದೆಯೆಂದು ತೋರುವುದಿಲ್ಲ. ಆದ್ದರಿಂದ ಹುದ್ದೆಯನ್ನೇ ಹಿಡಿದು ಸಂಬೋಧಿಸಿದ್ದೇನೆ.

ಮರ ಕಡೆಯುವ ಲೇತ್ ನಮ್ಮ ರಾಜಾಜಿನಗರದ ಶಾಲೆಗೆ ಬಂದ ದಿನ ನಿಮಗೆ ನೆನಪಿದೆಯೇ? ಗಾಡಿಯಿಂದ ಪೆಟ್ಟಿಗೆ ಇಳಿಸಿ, ಹುಲ್ಲು ಸರಿಸಿ ನೋಡಿದರೆ ಯಂತ್ರದ ಮೈ ಮಾತ್ರ ಇತ್ತು. ಎರಕದ ಕಾಲುಗಳನ್ನು ಬೇರೆ ತರಿಸಬೇಕು, ಇಲ್ಲವೇ ಮೇಜಿನ ಮೇಲೆ ಕೂರಿಸಬೇಕು. "ಕಾಲೇ ತರ್ಸಿ ಸಾರ್. ನೆಲಕ್ಕೆ ಬೋಲ್ಟು ಹಾಕಿ ಬಿಗಿದ್ರೆ ಅಲುಗಾಡಲ್ಲ. ಎತ್ತರ ಸಾಲ್ದಿದ್ರೆ ಅಡಿಗೆ ಮರದ ತುಂಡು ಕೊಡಬಹುದು, ಜಾಸ್ತಿ ಆದ್ರೆ ತೆಗೀಬಹುದು," ಎಂದಿರಿ. ನಾನು ನೆಲವನ್ನು ನೋಡಿದೆ. ಆ ಕೋಣೆಯ ಕೆಂಪು ನೆಲಕ್ಕೆ ಹೊಳಪು ಕೊಟ್ಟು ತಿಂಗಳೂ ಆಗಿರಲಿಲ್ಲ. "ಇದಕ್ಕೆ ತೂತು ಕೊರೆಯುವುದೇ? ಮೇಜು ಮಾಡಿಸೋಣ," ಎಂದೆ. ನಿಮ್ಮ ಮೂವತ್ತು ವರ್ಷಗಳ ಅನುಭವದ ಎದುರಿಗೆ ನನ್ನ ಬಳಿಯಿದ್ದ ವಾದ ಇಷ್ಟೇ.

ಹೇರೋಹಳ್ಳಿಯ ಬಡಗಿ ತಿಮ್ಮಯ್ಯ ಅಳತೆಗೆ ಬಂದ ಬೆಳಿಗ್ಗೆಯೂ ಕಣ್ಣಿಗೆ ಕಟ್ಟಿದಂತಿದೆ. ಲೇತಿನಲ್ಲಿ ಮರ ತಿರುಗುವ ಮಟ್ಟ ಕೆಲಸ ಮಾಡುವವನ ಮೊಣಕೈಗೆ ಸಮನಾಗಿರಬೇಕೆಂದು ಅವನೇ ಹೇಳಿ, "ಯಾರ ಮೊಣಕೈ ಸ್ವಾಮಿ?" ಎಂದು ಕೇಳಿದ. ನೀವು ಹಿಂದಕ್ಕೆ ಸರಿದು, "ಹೊಸ ಮೇಜು. ಮೊದಲ್ನೇ ಅಳತೆ ದೊಡ್ಡೋರದು. ನೀವು ನಿಲ್ಲಿ ಸಾರ್," ಎಂದಿರಿ. ಹೊಸ ಕೆಲಸಕ್ಕೆ ಹಿರಿಯರ ಕೈ ಮುಟ್ಟಿಸುವುದು ನಿಮ್ಮವರ ಪದ್ಧತಿ ಎಂದುಕೊಂಡು ನಿಂತೆ. ತಿಮ್ಮಯ್ಯ ಕೋಲು ಹಿಡಿದು ನನ್ನ ಮೊಣಕೈಗೆ ಸರಿಯಾಗಿ ಗೀರು ಹಾಕಿದ. ನಾನು ನಿಮಗಿಂತ ಒಂದು ತಲೆ ಎತ್ತರ. ಆಮೇಲೆ ನಿಮ್ಮ ಅಳತೆಯನ್ನೂ ತೆಗೆದಿರಬೇಕು ಎಂದು ನಾನು ಭಾವಿಸಿದೆ ಎಂದು ಬರೆಯಹೊರಟಿದ್ದೆ. ಅದು ಸುಳ್ಳು. ನಾನು ಏನನ್ನೂ ಭಾವಿಸಲಿಲ್ಲ. ಗಂಟೆ ಹೊಡೆಯಿತು, ತರಗತಿಗೆ ಹೋದೆ.

ಮೇಜಿನ ಮುಂದೆ ನೀವೊಂದು ದಪ್ಪ ಹಲಗೆ ಹಾಕಿಕೊಂಡು ಅದರ ಮೇಲೆ ನಿಲ್ಲುತ್ತಿದ್ದಿರಿ. ತಪಾಸಣೆಗೆ ಅಧಿಕಾರಿಗಳು ಬರುವ ಹಿಂದಿನ ದಿನ ನಾನು ಅದನ್ನು ಕಂಡೆ. "ಇದೇನು, ದಾರಿಗಡ್ಡ? ಮಕ್ಕಳು ಎಡವುತ್ತಾರೆ. ತೆಗೆಸಿ. ಇನ್ನು ಮುಂದೆ ಇಲ್ಲಿ ಕಾಣಕೂಡದು." "ಆಗ್ಲಿ ಸಾರ್," ಎಂದಿರಿ. ಏಕೆ ಹಾಕಿದ್ದೀರಿ ಎಂದು ನಾನು ಕೇಳಲಿಲ್ಲ. ನೀವಾದರೂ ಒಂದು ಮಾತು... ಬೇಡ, ಆ ಭಾರವನ್ನೂ ನಿಮ್ಮ ಮೇಲೆ ಹೊರಿಸಲಾರೆ.

ಆ ವರ್ಷ ನಿಮ್ಮ ಕೆಲಸ ಕುಂಠಿತವಾಯಿತು. ಒಂದು ಕಾಲುಮಣೆಯ ಕಾಲು ಕಡೆಯಲು ಎರಡು ದಿನ ಹಿಡಿಯುತ್ತಿತ್ತು. ನಡುನಡುವೆ ಉಳಿ ಕೆಳಗಿಟ್ಟು ಕಿಟಕಿಯ ಬಳಿ ನಿಲ್ಲುತ್ತಿದ್ದಿರಿ. ನಾನು ಸೇವಾ ಪುಸ್ತಕದಲ್ಲಿ ಬರೆದೆ: "ನಿಧಾನ. ಕೆಲಸದಲ್ಲಿ ಆಸಕ್ತಿ ಸಾಲದು." ನೀವು ಓದಿ, ಕೆಳಗೆ ಸಹಿ ಹಾಕಿದಿರಿ. ಮುಂದಿನ ಬೇಸಿಗೆಗೆ ಕೆಲಸ ಬಿಟ್ಟಿರಿ. ನಾನು ತಡೆಯಲಿಲ್ಲ.

ನೀವು ತೀರಿಕೊಂಡು ವರ್ಷವಾದ ಮೇಲೆ, ಹೋದ ತಿಂಗಳು, ನಿಮ್ಮ ಮಗ ಮೌನೇಶ ನಮ್ಮ ಮನೆಗೆ ಬಂದ. ಮಾರೇನಹಳ್ಳಿಯಲ್ಲಿ ಸ್ವಂತ ಷೆಡ್ಡು ಹಾಕಿದ್ದಾನೆ. "ಲೇತ್ ತಗೊಂಡಿದೀನಿ ಸಾರ್. ಕಾಲು ಹಾಕ್ಲಾ, ಮೇಜಿನ ಮೇಲೆ ಕೂರಿಸ್ಲಾ ಅಂತ ಇನ್ನೂ ತೀರ್ಮಾನ ಮಾಡಿಲ್ಲ. ಯಾವ್ದಾದ್ರೂ ಸರಿ, ಅಳತೆಗೆ ನೀವೇ ಬಂದು ನಿಲ್ಬೇಕು. ಅಪ್ಪನಿಗೂ ನೀವೇ ನಿಂತಿದ್ರಂತಲ್ಲ."

"ಅದು ಶಾಸ್ತ್ರಕ್ಕಲ್ಲವೇ? ಮೇಜು ಮಾಡಿಸಿದ್ದು ನಿಮ್ಮ ತಂದೆಯ ಅಳತೆಗೆ," ಎಂದೆ.

"ಎಲ್ಲಿ ಸಾರ್? ನಿಮ್ಮ ಅಳತೇಲೇ ಮಾಡ್ಸಿದ್ದು." ಅವನು ನಕ್ಕ. "ಅದಕ್ಕೇ ತಾನೆ ಹಲಗೆ ಮೇಲೆ ನಿಂತ್ಕೋತಿದ್ದಿದ್ದು. ಅದನ್ನೂ ಯಾರೋ ಪುಣ್ಯಾತ್ಮ ತೆಗೆಸ್ಬಿಟ್ನಂತೆ. ದಿನವಿಡೀ ಭುಜ ಎತ್ಕೊಂಡೇ ಉಳಿ ಹಿಡೀಬೇಕು. ಸಂಜೆ ಅಮ್ಮ ಹರಳೆಣ್ಣೆ ತಿಕ್ಕೋಳು. ಮೇಜಿನ ಕಾಲು ಒಂದಿಷ್ಟು ಕೊಯ್ಬಾರ್ದಾ ಅಂತ ಅವಳಂದ್ರೆ, 'ದೊಡ್ಡೋರು ನಿಂತು ಕೊಟ್ಟ ಅಳತೆಗೆ ಗರಗಸ ಹಾಕ್ತಾರೇನೇ' ಅನ್ನೋರು. ಕೊನೇಗೆ ಬಲಗೈ ಮೇಲಕ್ಕೇ ಏಳ್ತಿರ್ಲಿಲ್ಲ ಸಾರ್."

ಯಾರೋ ಪುಣ್ಯಾತ್ಮ. ಮನೆಯಲ್ಲಿಯೂ ನನ್ನ ಹೆಸರನ್ನು ನೀವು ಹೇಳಿರಲಿಲ್ಲ. ಸುಮ್ಮನಿದ್ದುಬಿಡಲು ನನಗೆ ಎಷ್ಟು ಸುಲಭವಿತ್ತು, ಬಲ್ಲಿರಾ? ಕಾಫಿ ಕುಡಿಸಿ, ಬರುತ್ತೇನೆ ಎಂದು ಹೇಳಿ, ಅವನ ಷೆಡ್ಡಿನಲ್ಲಿ ಹಾರ ಹಾಕಿಸಿಕೊಂಡು... ಒಂದು ಕ್ಷಣ ಹಾಗೆಯೇ ಮಾಡುವ ಮನಸ್ಸೂ ಆಯಿತು. ಆದರೆ ಹೇಳಿದೆ. ಹಲಗೆ ತೆಗೆಸಿದವನು ನಾನು ಎಂದೆ. ಸೇವಾ ಪುಸ್ತಕದಲ್ಲಿ ಬರೆದುದನ್ನೂ ಹೇಳಿದೆ.

ಅವನು ಲೋಟ ಕೆಳಗಿಟ್ಟ. "ಅದು ಅಪ್ಪನಿಗೆ ಗೊತ್ತಿತ್ತಾ?"

"ಓದಿ ಸಹಿ ಹಾಕಿದ್ದರು."

ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡ. "ನನಗೆ ಹೇಳಿದ್ರೆ ಏನ್ ಬಂತು ಸಾರ್? ಬರೆದ ಕಡೆ ಹೋಗಿ ಹೇಳಿ." ಷೆಡ್ಡಿಗೆ ಬರಬೇಕೆಂದು ಮತ್ತೆ ಕರೆಯಲಿಲ್ಲ. ಕಾಲುಗಳನ್ನೇ ಹಾಕಿಸಿದನೆಂದೂ, ಅಳತೆಗೆ ತಾನೇ ನಿಂತನೆಂದೂ ತಿಮ್ಮಯ್ಯನಿಂದ ಆಮೇಲೆ ತಿಳಿಯಿತು.

ಈ ಸೋಮವಾರ ಶಾಲೆಗೆ ಹೋದೆ. ನಿವೃತ್ತನಾದವನು ಸೇವಾ ಪುಸ್ತಕವನ್ನು ಮುಟ್ಟುವಂತಿಲ್ಲ. ಆ ಷರಾ ತಪ್ಪು, ಆ ನೋವಿಗೆ ಕಾರಣ ನಾನು ಎಂದು ಕಾಗದ ಬರೆದುಕೊಂಡು ಹೋಗಿ, ಉಪಾಧ್ಯಾಯರ ಕೋಣೆಯಲ್ಲಿ ಎಲ್ಲರೆದುರು ಓದಿ, ಈಗಿನ ಮುಖ್ಯೋಪಾಧ್ಯಾಯರ ಕೈಗೆ ಕೊಟ್ಟೆ. ಅವರು ಏನೆಂದರು ಗೊತ್ತೇ? "ಹೋದವರ ವಿಷಯ, ಬಿಡಿ ಸಾರ್. ನಿಮ್ಮದು ದೊಡ್ಡ ಮನಸ್ಸು." ಉಳಿದವರು ತಲೆದೂಗಿದರು. ನಿಮ್ಮ ಭುಜದ ನೋವಿನಿಂದಲೂ ನನಗೇ ಕೀರ್ತಿ ಬಂದುದನ್ನು ಕಂಡು ನಿಂತಲ್ಲೇ ಕುಗ್ಗಿಹೋದೆ.

ಆಗ ಮೂಲೆಯಿಂದ ಒಬ್ಬರು ಎದ್ದರು. ನಿಮ್ಮ ಜಾಗಕ್ಕೆ ಬಂದ ಕೃಷ್ಣಪ್ಪ, ನಿಮಗಿಂತಲೂ ಗಿಡ್ಡ. "ಹಾಗಾದ್ರೆ ಸಾರ್... ಆ ಮೇಜಿನ ಕಾಲು ಕೊಯ್ಬಹುದಾ?"

"ಇಷ್ಟು ದಿನ ಏಕೆ ಕೊಯ್ಯಲಿಲ್ಲ?"

"ನಾನು ಬಂದಾಗ್ಲೇ ಎಲ್ರೂ ಹೇಳಿದ್ರು ಸಾರ್, ಅದು ನಿಮ್ಮ ಅಳತೆ ಅಂತ."

ಆತನ ಬಲಭುಜ ಕಿವಿಯತ್ತ ಸ್ವಲ್ಪ ಏರಿಯೇ ಇತ್ತು, ಆಚಾರ್ಯರೇ. ಇಬ್ಬರೂ ಆ ಕೋಣೆಗೆ ಹೋದೆವು. ಯಂತ್ರದ ಬೋಲ್ಟು ಬಿಚ್ಚಿ ಇಳಿಸಿ, ಮೇಜನ್ನು ಮಗುಚಿ ಹಾಕಿದೆವು. ಕೃಷ್ಣಪ್ಪ ಗರಗಸ ಹಿಡಿದು ಕುಕ್ಕರಗಾಲಿನಲ್ಲಿ ಕುಳಿತು, ಅಭ್ಯಾಸಬಲದಿಂದ ನನ್ನತ್ತ ತಲೆಯೆತ್ತಿ, "ಎಷ್ಟು ತೆಗೀಲಿ ಸಾರ್?" ಎಂದು ಕೇಳಿದರು.

ನನ್ನನ್ನು ಕೇಳಬೇಡಿ ಎಂದೆ.