ಗಾಡಿಯ ಮೊಸರು

ಶಾಂತಮೂರ್ತಿ ಭಾವನವರಿಗೆ, ರಾಮಾಪುರ ಬಸ್‌ಸ್ಟಾಪಿನ ಹೊಂಗೆಮರದಡಿ ನಿಂತಿರುವ ವ್ಯಾನ್ ಗಾಡಿಯಿಂದ ನಾಗಮಣಿಯ ನಮಸ್ಕಾರ.

ಬಿರುಗಾಳಿಗೆ ಕಂಬ ಬಿದ್ದು ಬಂಡಳ್ಳಿಯಲ್ಲಿ ಕರೆಂಟಿಲ್ಲವಂತೆ. ನಾಳೆ ನಡೆಯುವ ನಿಮ್ಮ ಮಗಳ ನಿಶ್ಚಿತಾರ್ಥಕ್ಕೆಂದು ಇಟ್ಟಿದ್ದ ಮೊಸರು ಫ್ರಿಜ್ಜಿನಲ್ಲೇ ಹುಳಿಯಾಗಿ, ನನ್ನ ಮೊಸರು ಬೇಕೆಂದು ನಿಮ್ಮ ಮನೆಯಿಂದ ಅಕ್ಕ ಹೇಳಿಕಳಿಸಿದ್ದಾರೆ.

ಆ ಫ್ರಿಜ್ಜು ನನ್ನ ತವರಿನವರು ಕೊಟ್ಟದ್ದು. ನಿಮ್ಮ ತಮ್ಮನ ತಿಥಿ ಮುಗಿದ ಮಾರನೆಯ ದಿನವೇ ನೀವು ಅಂದಿರಿ: "ಫ್ರಿಜ್ಜು ಮನೇಲೇ ಇರ್ಲಿ ಕಣಮ್ಮಿ. ಅವ್ನ ಗುಜರಿ ಗಾಡಿ ತಕಂಡು ಎಲ್ಲಿಗಾದ್ರೂ ಓಗು."

ಈಗ ನನ್ನ ಮನೆಯೂ ಅಂಗಡಿಯೂ ಆ ಗಾಡಿಯೇ. ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ, ನಡುವೆ ಒದ್ದೆ ಮರಳು, ಮೇಲೆ ನೆನೆಸಿದ ಗೋಣಿಚೀಲ. ಹಿಂಬಾಗಿಲು ತೆಗೆದು ಗಾಳಿಗೆ ಬಿಟ್ಟರೆ ಸಂಜೆಯವರೆಗೂ ಮೊಸರು ತಣ್ಣಗಿರುತ್ತದೆ. ಕರೆಂಟಿನ ಹಂಗಿಲ್ಲ.

ಊಟಕ್ಕೆ ಬೇಕಾದಷ್ಟು ಕೊಡುತ್ತೇನೆ, ದುಡ್ಡು ಬೇಡ. ಆದರೆ ಮಡಕೆ ಇಳಿಸಿ ಕೊಡುವುದಿಲ್ಲ. ಗಾಡಿ ಚಪ್ಪರದ ಮುಂದೆಯೇ ನಿಲ್ಲಬೇಕು, ಜಾಗ ಬಿಡಿಸಿಡಿ. ಬೀಗರ ಎಲೆಗೆ ಮೊಸರು ಬಡಿಸುವವಳು ನಾನೇ. ಇವರು ಯಾರು ಎಂದು ಅವರು ಕೇಳಿಯೇ ಕೇಳುತ್ತಾರೆ. ಹೇಳಬೇಕಾದವರು ನೀವು. ನೀವು ತಲೆ ತಗ್ಗಿಸಿ ಕೂತರೆ ನಾನೇ ಹೇಳುತ್ತೇನೆ: ಈ ಮನೆಯ ಕಿರಿಸೊಸೆ, ಮಲಗುವುದು ಆ ಗಾಡಿಯಲ್ಲಿ.

ನಿಮ್ಮ ತಮ್ಮನ ಹೆಂಡತಿ,
ನಾಗಮಣಿ