ಬೀಜ ಸಹಿತ ಮುನ್ನೂರ ಹದಿನೈದು ಕಿಲೋಮೀಟರ್

ವಿದ್ಯುತ್ ಕಾರು ಎಷ್ಟು ದೂರ ಓಡುತ್ತದೆಂದು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಾನು ಕೊಂಡ ಕಾರಿನ ಮುಂದಿನ ಗಾಜಿನ ಮೇಲೆ ತಾವು ಒಪ್ಪಿದ ಸಂಖ್ಯೆಯೊಂದು ಅಂಟಿಕೊಂಡು ಬಂದಿತ್ತು. ಒಮ್ಮೆ ಪೂರ್ತಿ ಚಾರ್ಜ್ ಮಾಡಿದರೆ ಮುನ್ನೂರ ಹದಿನೈದು ಕಿಲೋಮೀಟರ್. ಕಾರು ನೂರ ಎಂಬತ್ತೇಳಕ್ಕೆ ಕಂಬದೂರಿನ ಅಂಚಿನಲ್ಲಿ ನಿಂತಿತು. ಉಳಿದ ನೂರ ಇಪ್ಪತ್ತೆಂಟು ಕಿಲೋಮೀಟರ್ ಎಲ್ಲಿ ಹೋದವು? ಸೀಟಿನ ಕೆಳಗೆ ನೋಡಿದೆ, ಡಿಕ್ಕಿಯಲ್ಲಿ ನೋಡಿದೆ, ಸಿಗಲಿಲ್ಲ. ತಮ್ಮ ಕಚೇರಿಯ ಬೀರುವಿನಲ್ಲೇನಾದರೂ ಉಳಿದುಬಿಟ್ಟಿದ್ದರೆ ದಯವಿಟ್ಟು ಕಳುಹಿಸಿಕೊಡಿ.

ನಾನು ಹಿಂದೂಪುರದ ಹುಣಸೆಹಣ್ಣಿನ ಮಂಡಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ತೂಕ ಹಾಕುವವನು. ಸರ್ಕಾರದ ಮುದ್ರೆಯ ಮೇಲೆ ನನಗಿರುವಷ್ಟು ಭಕ್ತಿ ದೇವರ ಮೇಲೂ ಇಲ್ಲ. ವರ್ಷಕ್ಕೊಮ್ಮೆ ಅಧಿಕಾರಿಯೊಬ್ಬರು ಬಂದು ನನ್ನ ತಕ್ಕಡಿಯನ್ನು ಪರೀಕ್ಷಿಸಿ ಮುದ್ರೆ ಒತ್ತುತ್ತಾರೆ. ಐವತ್ತು ಗ್ರಾಂ ಆಚೀಚೆ ಆದರೂ ನನ್ನನ್ನು ಕಳ್ಳನಂತೆ ನೋಡುತ್ತಾರೆ. ನೋಡಲಿ, ಅದು ನ್ಯಾಯ. ಹಾಗಾಗಿ ಕಾರಿನ ಗಾಜಿನ ಮೇಲೆ ಸಂಖ್ಯೆ ಕಂಡಾಗ ನಾನು ಕೈಮುಗಿದು ನಂಬಿದೆ. ಇದು ನನ್ನ ಮೊದಲ ತಪ್ಪು. ಎರಡನೆಯ ತಪ್ಪನ್ನು ನಾವು ಮನೆಮಂದಿಯೆಲ್ಲ ಸೇರಿ ಮಾಡಿದೆವು.

ಕಲ್ಯಾಣದುರ್ಗದಲ್ಲಿ ನನ್ನ ತಂಗಿ ವಾಣಿಶ್ರೀ ಇದ್ದಾಳೆ. ಕಳೆದ ಏಪ್ರಿಲ್‌ನಲ್ಲಿ ಅವಳ ಮಗಳು ಕೀರ್ತನಾಳ ಮದುವೆ. ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ಮದುವೆಯ ಹಿಂದಿನ ದಿನ ಹೊತ್ತು ಮುಳುಗುವ ಮುಂಚೆ ಮದುವಣಗಿತ್ತಿಗೆ ಅರಿಶಿನದ ನೀರು ಹಾಕಬೇಕು. ಆ ನೀರು ಅವಳ ತಾಯಿಯ ತವರಿನ ಬಾವಿಯದಾಗಿರಬೇಕು, ಅದನ್ನು ಸೋದರಮಾವನೇ ತರಬೇಕು. ಬಾವಿಯಿಂದ ಸೇದಿದ ಮೇಲೆ ಹುಡುಗಿಯ ತಲೆಗೆ ಬೀಳುವ ತನಕ ಬಿಂದಿಗೆ ನೆಲ ಮುಟ್ಟುವಂತಿಲ್ಲ. ಮುಟ್ಟಿದರೆ ಹಿಂತಿರುಗಿ ಹೋಗಿ ಹೊಸ ನೀರು ಸೇದಬೇಕು. ನಮ್ಮ ಬಾವಿ ಇರುವುದು ಚಿಲಮತ್ತೂರಿನ ಪಕ್ಕದ ಹಳ್ಳಿಯಲ್ಲಿ. ವಾಣಿಶ್ರೀಯ ಮದುವೆಯ ನೀರು ಹಿಂದೆ ಬಸ್ಸಿನಲ್ಲಿ, ನಮ್ಮ ಸೋದರತ್ತೆ ಮುನೆಮ್ಮನ ಮಡಿಲಲ್ಲಿ ಕೂತು ಹೋಗಿತ್ತು. ಈಗ ಮನೆಗೆ ಕಾರು ಬಂದಿದೆಯಲ್ಲ, ಗಂಗಮ್ಮ ಕಾರಿನಲ್ಲೇ ಹೋಗಲಿ ಎಂದೆವು.

ಲೆಕ್ಕ ಸರಳವಾಗಿತ್ತು. ಹಿಂದೂಪುರದಿಂದ ಹಳ್ಳಿಗೆ ಹೋಗಿ ಲೇಪಾಕ್ಷಿ ಮೇಲೆ ವಾಪಸ್ ಬರಲು ಅರವತ್ತು, ಅಲ್ಲಿಂದ ಕಲ್ಯಾಣದುರ್ಗಕ್ಕೆ ನೂರ ಇಪ್ಪತ್ತು. ಒಟ್ಟು ನೂರ ಎಂಬತ್ತು. ಮಿಕ್ಕಿದ್ದು ನೂರ ಮೂವತ್ತೈದು! ನಮ್ಮ ಕಡೆ ಮನೆಯಲ್ಲಿ ಒಬ್ಬಟ್ಟು ಮಿಕ್ಕರೆ ಇಟ್ಟುಕೊಂಡು ಕೂರುವುದಿಲ್ಲ, ನೆಂಟರಿಷ್ಟರಿಗೆ ಹಂಚುತ್ತೇವೆ. ನನ್ನ ಹೆಂಡತಿ ನಾಗರತ್ನ ಮಿಕ್ಕ ಕಿಲೋಮೀಟರನ್ನೂ ಹಾಗೆಯೇ ಹಂಚಲು ಕೂತಳು.

"ರೀ, ಮಡಕಶಿರಾದ ಹತ್ರ ನಮ್ಮ ದೊಡ್ಡಮ್ಮನ ಮನೆಗೆ ಒಂದ್ ಮೂವತ್ತು ಕೊಡ್ರಿ. ಹೋಗಿ ಮುಖ ತೋರಿಸ್ಕಂಡು ಬರಾನ."

"ಕೊಟ್ಟೆ," ಎಂದೆ. ದಾನಶೂರನಂತೆ.

ಮದುವೆಯ ಹಿಂದಿನ ಬೆಳಗ್ಗೆ ನೀರು ಸೇದಿಕೊಂಡು ಬರುವಾಗ ಲೇಪಾಕ್ಷಿಯಲ್ಲಿ ನನ್ನ ಭಾಮೈದ ಆದೆಪ್ಪ ಹತ್ತಿದ. ನೂರ ಎಂಟು ಕಿಲೋ. ತೂಕ ಹಾಕುವವನಿಗೆ ಇಂಥದ್ದು ನೋಡಿದರೇ ತಿಳಿಯುತ್ತದೆ. ಹಿಂದಿನ ಸೀಟಿನಲ್ಲಿ ಅವನ ಪಕ್ಕ ಮುನೆಮ್ಮತ್ತೆ, ಅವಳ ಮಡಿಲಲ್ಲಿ ತಾಮ್ರದ ಬಿಂದಿಗೆ. ಸೀಟಿನ ಮೇಲೆ ಇಡು ಅತ್ತೆ ಎಂದರೆ, "ಸೀಟು ಕಾರಿನ ಮೇಲೈತೆ, ಕಾರು ಚಕ್ರದ ಮೇಲೈತೆ, ಚಕ್ರ ನೆಲದ ಮೇಲೈತೆ ಕಣ್ಲಾ. ನಂಗೇ ಹೇಳಕ್ ಬತ್ತೀಯಾ?" ಎಂದಳು. ತಮ್ಮ ಕಚೇರಿಯಲ್ಲಿ ಇಷ್ಟು ಬಿಗಿಯಾಗಿ ನಿಯಮ ಓದುವವರು ಒಬ್ಬರಿದ್ದಿದ್ದರೆ ಈ ಪತ್ರದ ಅಗತ್ಯವೇ ಇರುತ್ತಿರಲಿಲ್ಲ.

ಕಾರಿನಲ್ಲಿ ಚಾಲಕನ ಮುಂದೆ ಒಂದು ಪರದೆ ಇದೆ. ಇನ್ನೆಷ್ಟು ದೂರ ಹೋಗಬಹುದು ಎಂದು ಅದು ತೋರಿಸುತ್ತದೆ. ಏಪ್ರಿಲ್ ಬಿಸಿಲು, ಏಸಿ ಹಾಕಿದ್ದೆವು. ನಾವು ಐದು ಕಿಲೋಮೀಟರ್ ಹೋದರೆ ಪರದೆಯ ಸಂಖ್ಯೆ ಎಂಟು ಇಳಿಯುತ್ತಿತ್ತು. ದೊಡ್ಡಮ್ಮನ ಮನೆಯಲ್ಲಿ ಊಟ ಮಾಡಿ ಹೊರಟ ಮೇಲಂತೂ ಸಂಖ್ಯೆಗೆ ನಮಗಿಂತ ಆತುರ. ನಾವಿನ್ನೂ ಅರ್ಧ ದಾರಿಯಲ್ಲಿರುವಾಗಲೇ ಅದು ಕಲ್ಯಾಣದುರ್ಗ ಮುಟ್ಟಿ ಮದುವೆ ಊಟಕ್ಕೆ ಎಲೆ ಹಾಕಿಸಿಕೊಂಡಿತ್ತು. ಏಸಿ ಆರಿಸಿದೆ. ಹಾಡು ನಿಲ್ಲಿಸಿದೆ. ಕಿಟಕಿ ಇಳಿಸಿದರೆ ಒಲೆಯ ಬಾಯಿ ತೆರೆದಂತೆ ಗಾಳಿ ನುಗ್ಗಿತು.

"ಬಾವ, ಬೇಕಾದ್ರೆ ನಾನು ಇಳ್ಕಂತೀನಿ. ಭಾರ ಕಮ್ಮಿ ಆಯ್ತದೆ," ಎಂದ ಆದೆಪ್ಪ.

"ಇಳಿಯಪ್ಪ," ಎಂದಳು ಅತ್ತೆ. "ನೀನೊಬ್ಬ ಇಳಿದ್ರೆ ಈ ಕಾರು ಕಾಶಿಗೆ ಹೋಗಿ ಬತ್ತದೆ."

ದಾರಿಯಲ್ಲಿ ಒಂದು ಚಾರ್ಜಿಂಗ್ ಕಂಬ ಇದೆಯೆಂದು ಫೋನು ಹೇಳಿತು. ಇತ್ತು, ಸುಳ್ಳಲ್ಲ. ಇನ್ನೂ ಕರೆಂಟು ಕೊಟ್ಟಿರಲಿಲ್ಲ. ಯಾರೋ ಅದಕ್ಕೆ ಎಮ್ಮೆ ಕಟ್ಟಿದ್ದರು. ನನಗೆ ಕಾರು ಮಾರಿದ ಅಂಗಡಿಯ ನರೇಶನಿಗೆ ಫೋನು ಮಾಡಿದೆ. ವಿನಯವಂತ ಹುಡುಗ. "ಸಾರ್, ಅದು ಸರ್ಟಿಫೈಡ್ ರೇಂಜು. ನಾವು ಹೇಳಿದ್ದಲ್ಲ, ಗೌರ್ಮೆಂಟೋರೇ ಟೆಸ್ಟ್ ಮಾಡಿ ಕೊಟ್ಟಿರೋದು. ರೋಡ್ ಮೇಲೆ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತೆ," ಎಂದ. ಇಷ್ಟು ದಿನದಲ್ಲಿ ಒಮ್ಮೆಯಾದರೂ ಹೆಚ್ಚಾಗಿದೆಯೇನಪ್ಪ ಎಂದು ಕೇಳಿದೆ. ಸಿಗ್ನಲ್ ಹೋಯಿತು.

ಮಾನ್ಯರೇ, ರೋಡ್ ಮೇಲೆ ಎಂದನಲ್ಲ, ಹಾಗಾದರೆ ತಮ್ಮ ಪರೀಕ್ಷೆ ನಡೆಯುವುದು ಎಲ್ಲಿ? ಆಮೇಲೆ ತಿಳಿದವರನ್ನು ವಿಚಾರಿಸಿದೆ. ಕೋಣೆಯೊಳಗೆ ಉರುಳೆಗಳ ಮೇಲೆ ಕಾರನ್ನು ನಿಲ್ಲಿಸಿ, ನಿಂತಲ್ಲೇ ಚಕ್ರ ತಿರುಗಿಸುತ್ತೀರಂತೆ. ಬಿಸಿಲಿಲ್ಲ, ಏಸಿ ಇಲ್ಲ, ಏರಿಲ್ಲ, ಆದೆಪ್ಪನಿಲ್ಲ. ಇದನ್ನು ಕೇಳಿದಾಗ ನನ್ನ ಅಜ್ಜಿ ರಾಗಿ ಬೀಸುತ್ತಾ ಹೇಳುತ್ತಿದ್ದ ಕಥೆಯೊಂದು ನೆನಪಾಯಿತು.

ಒಬ್ಬ ರಾಜನಿಗೆ ಓಲೆ ಒಯ್ಯುವ ಓಟಗಾರ ಬೇಕಾಗಿದ್ದ. ಒಬ್ಬ ಬಂದು, ಒಂದು ಮುದ್ದೆ ಉಂಡರೆ ಏಳೂರು ಓಡುತ್ತೇನೆ ಅಂದ. ಮಂತ್ರಿ ಪರೀಕ್ಷೆ ಮಾಡಿದ. ಅರಮನೆಯ ಅಂಗಳದಲ್ಲಿ, ಚಪ್ಪರದ ನೆರಳಲ್ಲಿ ತುಳಸಿಕಟ್ಟೆ ಸುತ್ತಿಸಿದ. ಇಬ್ಬರು ಆಳುಗಳು ಬೀಸಣಿಗೆ ಬೀಸಿದರು. ಸುತ್ತು ಎಣಿಸಿದರು, ಏಳೂರಿನ ದೂರ ಸರಿಹೋಯಿತು. ಸೈ, ಕೆಲಸ ಸಿಕ್ಕಿತು. ಮೊದಲ ಓಲೆ ಹೊತ್ತವನು ನಾಲ್ಕನೇ ಊರಿನ ಬೇವಿನ ಮರದ ಕೆಳಗೆ ಕೂತುಬಿಟ್ಟ. ಹಿಡಿದು ತಂದು ಕೇಳಿದರೆ, "ಸ್ವಾಮಿ, ನಾನು ಓಡಿ ತೋರಿಸಿದ್ದು ತುಳಸಿಕಟ್ಟೆ. ಊರು ಓಡಿಸಿ ನೋಡಿದ್ದಿರಾ?" ಅಂದ. ರಾಜ ಅವನನ್ನು ಬಿಟ್ಟುಬಿಟ್ಟ. ಮುಂದಿನ ಓಲೆಯನ್ನು ಮಂತ್ರಿಯ ಕೈಗೆ ಕೊಟ್ಟು, ನೀನೇ ಓಡು ಅಂದ. ಆ ಮಂತ್ರಿಯ ವಂಶದವರು ಈಗ ಯಾವ ಕಚೇರಿಯಲ್ಲಿದ್ದಾರೋ ನಾನು ಹೇಳಲಾರೆ.

ನಮ್ಮ ಓಟಗಾರ ಕೂತದ್ದು ಕಂಬದೂರಿನಲ್ಲಿ, ಮಧ್ಯಾಹ್ನ ಮೂರಕ್ಕೆ. ಅದಕ್ಕೆ ಮೊದಲು ಪರದೆಯ ಮೇಲೆ ಒಂದು ಆಮೆಯ ಚಿತ್ರ ಮೂಡಿತು. ಇನ್ನು ತೆವಳಬಲ್ಲೆನೇ ಹೊರತು ಓಡಲಾರೆ ಎಂದು ಕಾರು ಹೇಳುವ ರೀತಿ ಅದು. ಮುನೆಮ್ಮತ್ತೆ ಬಗ್ಗಿ ನೋಡಿ, "ಕೂರ್ಮಾವತಾರ ಕಣ್ಲಾ ತಿಪ್ಪೇಸಾ, ಕೈ ಮುಗಿ," ಎಂದಳು. ಮುಗಿದೆ. ಅವತಾರ ಅಲ್ಲೇ ಸಮಾಪ್ತಿಯಾಯಿತು. ಕಲ್ಯಾಣದುರ್ಗಕ್ಕೆ ಇನ್ನೂ ಇಪ್ಪತ್ತಮೂರು ಕಿಲೋಮೀಟರ್.

ಅಷ್ಟರಲ್ಲಿ ವಾಣಿಶ್ರೀಯ ಫೋನು. "ಅಣ್ಣಾ, ಎಲ್ಲಿದೀರಾ? ಹುಡುಗಿ ಬೆಳಗ್ಗಿಂದ ಹಸೆ ಮೇಲೆ ಕುಂತವ್ಳೆ. ನೀರು ಬೀಳೋಗಂಟ ಏನೂ ತಿನ್ನಂಗಿಲ್ಲ, ಗೊತ್ತಲ್ಲ?" ಗೊತ್ತಿತ್ತು. ಇನ್ ಹತ್ತೇ ನಿಮಿಷ, ಬಂದ್ಬುಟ್ವಿ ಕಣಮ್ಮ ಎಂದೆ. ನಾನೂ ಒಂದು ಸಂಖ್ಯೆ ಅಂಟಿಸಿದೆ, ತಮ್ಮ ಹಾಗೆ.

ಬಸ್ಸಿಗೆ ಏರೋಣವೆಂದರೆ ಬಿಂದಿಗೆ ಹಿಡಿದ ಅತ್ತೆಗೆ ಕಾಲು ಜೋಮು ಹಿಡಿದು ಎದ್ದು ನಿಲ್ಲುವುದೂ ಆಗುತ್ತಿರಲಿಲ್ಲ. ಬಂದ ಬಸ್ಸಿನಲ್ಲಿ ಬಿಂದಿಗೆ ತುಳುಕದಂತೆ ಕೂರಲು ಜಾಗವಿಲ್ಲದೆ ಆದೆಪ್ಪನೊಬ್ಬನನ್ನು ಹತ್ತಿಸಿದೆವು. ಉಳಿದವರು ದಾರಿಹೋಕರ ಜೊತೆ ಕಾರು ತಳ್ಳಿಕೊಂಡು ಹತ್ತಿರದ ಹಿಟ್ಟಿನ ಮಿಲ್ಲಿಗೆ ಹೋದೆವು. ಮಿಲ್ಲಿನ ಯಜಮಾನ ಓಬಣ್ಣ. "ಏಮಣ್ಣಾ, ಏಮೈಂದಿ?" ಏನಾಯಿತೆಂದು ತೆಲುಗಿನಲ್ಲಿ ವಿಚಾರಿಸಲು ಶುರು ಮಾಡಿದವನು, ಅತ್ತೆ ಕಾರನ್ನು ಬೈಯುವುದನ್ನು ಕೇಳಿ ಕನ್ನಡಕ್ಕೆ ಹೊರಳಿದ.

"ಚಾರ್ಜಿಗೆ ಹಾಕ್ಕಳಿ. ಆದ್ರೆ ಮಿಲ್ಲು ನಿಲ್ಲಿಸ್ಬೇಕಾಯ್ತದೆ, ಎರಡನ್ನೂ ಎಳೆಯೋ ಸಕ್ತಿ ಈ ಲೈನಿಗಿಲ್ಲ," ಎಂದು ರಾಗಿ ಡಬ್ಬ ಹಿಡಿದು ಸಾಲಾಗಿ ಕೂತಿದ್ದ ಹೆಂಗಸರ ಕಡೆ ನೋಡಿದ.

ಸಾಲಿನ ಮೊದಲಿಗೆ ಕೂತಿದ್ದವಳು ಸಣ್ಣಕ್ಕ. "ಅಯ್ಯೋ, ಮಕ್ಕಳು ಮುದ್ದೆ ಕಾಯ್ತಾ ಕುಂತವೆ. ನಿಮ್ ಕಾರಿನ ಹೊಟ್ಟೆ ಮೊದಲು ತುಂಬಬೇಕಾ?" ಎಂದು ಎದ್ದು ಬಂದಳು. ಕಾರಿನೊಳಗೆ ಅತ್ತೆಯನ್ನು ಕಂಡಳು, ಬಿಂದಿಗೆಯನ್ನು ಕಂಡಳು. "ಯಾವ ನೀರಮ್ಮ?" ಅತ್ತೆ ಹೇಳಿದಳು. ಸಣ್ಣಕ್ಕ ತನ್ನ ಡಬ್ಬವನ್ನು ಕೆಳಗಿಟ್ಟು ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಕೊಡವ್ವ ಇಲ್ಲಿ. ಬೆಳಗ್ಗಿಂದ ಹೊತ್ಕಂಡು ಕೈ ಬಿದ್ದೋಗಿರ್ತವೆ. ಓಬಣ್ಣ, ನಿಲ್ಸಪ್ಪ ಮಿಲ್ಲು! ರಾಗಿ ಎಲ್ಲಿಗೆ ಓಡೋಯ್ತದೆ?"

ಸುಮಾರು ಎರಡು ಗಂಟೆ ಆ ಬಿಂದಿಗೆ ಹನ್ನೊಂದು ಹೆಂಗಸರ ಮಡಿಲು ದಾಟಿತು. ಒಬ್ಬಳು ಸೋಬಾನೆ ಶುರು ಮಾಡಿದಳು, ಇನ್ನೊಬ್ಬಳು ತೆಲುಗಿನಲ್ಲಿ ಸೊಲ್ಲು ಸೇರಿಸಿದಳು. ನೆಲಕ್ಕೆ ಒಂದು ಹನಿ ಬೀಳಲಿಲ್ಲ.

ಕಾದು ಕೂತಾಗ ಓಬಣ್ಣ ಗಾಜಿನ ಮೇಲಿನ ಸಂಖ್ಯೆ ಓದಿ ನಕ್ಕ. "ನನ್ ಮಿಶೀನ್ ಮೇಲೂ ಬರ್ದವ್ರೆ ಸಾಮಿ, ಗಂಟೆಗೆ ಇಷ್ಟು ಕೇಜಿ ಅಂತ. ನಾನು ಅದನ್ನ ಬಂದೋರಿಗೆ ಹೇಳಲ್ಲ. ಕರೆಂಟು ನೋಡ್ತೀನಿ, ರಾಗಿ ಹಸಿಯೋ ಒಣಗೈತೋ ನೋಡ್ತೀನಿ, ಸಂಜೀಕ್ ಬಾರಮ್ಮ ಅಂತೀನಿ. ಸಂಜೀಕ್ ಬಂದ್ರೆ ಹಿಟ್ಟು ಇರ್ತದೆ."

ಇಷ್ಟೇ ಮಾನ್ಯರೇ. ಇಷ್ಟನ್ನು ಒಬ್ಬ ಹಿಟ್ಟಿನ ಮಿಲ್ಲಿನವನು ಮಾಡುತ್ತಾನೆ. ನಮ್ಮ ಮಂಡಿಯಲ್ಲೂ ಮಾಡುತ್ತೇವೆ. ಹುಣಸೆಗೆ ಎರಡು ತೂಕ, ಬೀಜ ಸಹಿತದ್ದು ಬೇರೆ, ಬೀಜ ತೆಗೆದದ್ದು ಬೇರೆ. ಬೀಜ ಸಹಿತ ತೂಗುವುದು ತಪ್ಪಲ್ಲ. ಬೀಜ ಸಹಿತ ತೂಗಿ, ಇದೆಲ್ಲ ಬರೀ ಹಣ್ಣು ಎಂದು ಚೀಟಿ ಬರೆದರೆ ತಪ್ಪು. ಹಾಗೆ ಬರೆದರೆ ನನ್ನ ತಕ್ಕಡಿ ಕಿತ್ತುಕೊಳ್ಳುತ್ತೀರಿ. ತಮ್ಮ ತಕ್ಕಡಿ ಯಾರ ಕೈಯಲ್ಲಿದೆ? ಅದಕ್ಕೆ ಮುದ್ರೆ ಒತ್ತಲು ವರ್ಷಕ್ಕೊಮ್ಮೆ ಯಾರು ಬರುತ್ತಾರೆ? ಕಾರು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಸದ್ದಿಲ್ಲ, ಹೊಗೆಯಿಲ್ಲ, ನೂರ ಎಂಬತ್ತು ಕಿಲೋಮೀಟರನ್ನು ಸಂಸಾರವಂದಿಗನಂತೆ ದುಡಿಯುತ್ತದೆ. ಆ ಪಾಪದ್ದರ ಹಣೆಗೆ ತಾವೇಕೆ ಮುನ್ನೂರ ಹದಿನೈದು ಬರೆದು ಅವಮಾನ ಮಾಡಿಸುತ್ತೀರಿ?

ಕೊನೆಗೆ ಐದೂಕಾಲಿಗೆ ಹೊರಟೆವು. ಸಣ್ಣಕ್ಕನೂ ಬಿಂದಿಗೆ ಹಿಡಿದು ನಮ್ಮ ಜೊತೆ ಹತ್ತಿದಳು. ಅವಳ ರಾಗಿಯನ್ನು ಬೀಸಿ ಮನೆ ಮುಟ್ಟಿಸುವುದಾಗಿ ಓಬಣ್ಣ ಮಾತು ಕೊಟ್ಟ. ಹೊತ್ತು ಗುಡ್ಡದ ಮೇಲೆ ಕೂತಿತ್ತು, ನಾವು ವಾಣಿಶ್ರೀಯ ಬಾಗಿಲಲ್ಲಿದ್ದೆವು. ಕೀರ್ತನಾಳ ತಲೆಯ ಮೇಲೆ ನೀರು ಬಿತ್ತು. ಹುಡುಗಿ ಕಣ್ಣು ಮುಚ್ಚಿ, "ಮಾವಾ, ಬಿಸಿನೀರು ತಂದಿದೀರಲ್ಲ!" ಎಂದಳು. ಏಸಿ ಆರಿಸಿದ್ದರ ಫಲ. ಅತ್ತೆ ಖಾಲಿ ಬಿಂದಿಗೆಯನ್ನು ನೆಲಕ್ಕಿಟ್ಟು, ಅದರ ಪಕ್ಕದಲ್ಲೇ ತಾನೂ ಉಸ್ಸೆಂದು ಕೂತಳು.

ಆದೆಪ್ಪ ಎರಡು ಗಂಟೆ ಮೊದಲೇ ಬಂದು ಬೋಂಡ ತಿನ್ನುತ್ತಿದ್ದ. ಅವನು ಬಂದ ಬಸ್ಸು ಹಳೆಯದು, ಒಂದು ಕಿಟಕಿಗೆ ಗಾಜಿಲ್ಲ. ಅದರ ಹಣೆಯ ಮೇಲೆ ಒಂದೇ ಮಾತು ಬರೆದಿತ್ತು: ಕಲ್ಯಾಣದುರ್ಗ. ಬರೆದಲ್ಲಿಗೆ ಅದು ಹೋಗಿತ್ತು.

ಆದ್ದರಿಂದ ನನ್ನ ಬೇಡಿಕೆ ಇದು. ಗಾಜಿನ ಮೇಲೆ ಎರಡು ಸಂಖ್ಯೆ ಅಚ್ಚು ಹಾಕಿಸಿ. ಕೋಣೆಯ ಉರುಳೆಯ ಮೇಲಿನದು ಒಂದು. ಏಪ್ರಿಲ್ ಬಿಸಿಲಿನಲ್ಲಿ, ಏಸಿ ಹಾಕಿ, ಸೀಟು ತುಂಬ ಜನ ಕೂರಿಸಿ, ನಮ್ಮ ರಸ್ತೆಯಲ್ಲಿ ಓಡಿಸಿ ಅಳೆದದ್ದು ಇನ್ನೊಂದು. ಎರಡನೆಯದನ್ನು ದಪ್ಪ ಅಕ್ಷರದಲ್ಲಿ ಹಾಕಿಸಿ, ನಮ್ಮತ್ತೆಗೆ ಕನ್ನಡಕ ಇಲ್ಲದೆ ಕಾಣುವ ಹಾಗೆ.

ಅಳೆಯಲು ಅನುಕೂಲವಿಲ್ಲ ಎನ್ನಬೇಡಿ. ಕೀರ್ತನಾಳ ತಂಗಿಗೆ ಗಂಡು ಗೊತ್ತಾಗಿದೆ, ಬರುವ ಏಪ್ರಿಲ್‌ನಲ್ಲಿ ಮದುವೆ. ಅದೇ ಬಾವಿ, ಅದೇ ಕಾರು, ಅದೇ ದಾರಿ. ಹಿಂದಿನ ಸೀಟಿನಲ್ಲಿ ಆದೆಪ್ಪನಿಗೂ ಮುನೆಮ್ಮತ್ತೆಗೂ ನಡುವೆ ತಮಗೊಂದು ಜಾಗ ಮೀಸಲಿಟ್ಟಿದ್ದೇವೆ. ಈ ಸಲ ನೀರಿನ ಬಿಂದಿಗೆ ತಮ್ಮ ಮಡಿಲಲ್ಲಿ. ಕಾರು ನಿಂತರೆ ಹೆದರಬೇಡಿ, ಓಬಣ್ಣನ ಮಿಲ್ಲಿದೆ. ಬಿಂದಿಗೆಯನ್ನು ಮಾತ್ರ ಕೆಳಗಿಡಬೇಡಿ.

ಇಂತಿ,
ತಮ್ಮ ಸಂಖ್ಯೆಯನ್ನು ನಂಬಿ ಮಿಕ್ಕದ್ದನ್ನು ನೆಂಟರಿಗೆ ಹಂಚಿದ,
ತಿಪ್ಪೇಸ್ವಾಮಿ
ಹುಣಸೆಹಣ್ಣಿನ ಮಂಡಿ, ಹಿಂದೂಪುರ
(ತೂಕ: ಬೀಜ ತೆಗೆದು)