ಸೊಂಟಕ್ಕೆ ತಿಕ್ಕಿದ ಮುಲಾಮು

ಆಗಸ್ಟ್ 13, ಬುಧವಾರ. ಹುತ್ತೂರು.

ನಿದ್ದೆ ಹತ್ತುತ್ತಿಲ್ಲ. ಸೊಂಟ ನೋವಿಗೆ ಡಾಕ್ಟರು ಹೇಳಿದಂತೆ ಬಗ್ಗದೆ ಕೂತೇ ರೇಷ್ಮೆ ಹುಳಕ್ಕೆ ಸೊಪ್ಪು ಹಾಕುತ್ತಿದ್ದೆ, ರಾತ್ರಿ ಬಿಸಿ ಉಪ್ಪಿನ ಶಾಖ ಕೊಟ್ಟುಕೊಳ್ಳುತ್ತಿದ್ದೆ. ಇವತ್ತು ಸಂಜೆ ಕಣ್ಣು ಹತ್ತಿದಾಗ ಯಜಮಾನರು ಕನಿಕರಪಟ್ಟು ಮುಲಾಮು ತಿಕ್ಕಿಬಿಟ್ಟರು. ರೇಷ್ಮೆ ಸಾಕುವ ಮನೆಯಲ್ಲಿ ಹುಟ್ಟಿದವರಿಗೆ ಇಷ್ಟೂ ಗೊತ್ತಾಗಬೇಡವೇ? ಆ ವಾಸನೆಗೆ ಹುಳ ಸೊಪ್ಪು ಮುಟ್ಟುವುದಿಲ್ಲ. ಸೀಗೆಪುಡಿ ಹಾಕಿ ಉಜ್ಜಿದರೂ ನನ್ನ ಸೊಂಟದಿಂದ, ಅವರ ಕೈಯಿಂದ ಹೋಗಲಿಲ್ಲ.

"ಇಬ್ರೂ ಹುಳದ ಮನೆ ಬಾಗಿಲಿಗೂ ಬರಬೇಡಿ. ನೀನು ಹೋಗಿ ಮಲಕ್ಕೊಳ್ಳಮ್ಮಾ, ನಾನು ಹಾಕ್ತೀನಿ" ಎಂದು ಅತ್ತೆ ಸೊಪ್ಪಿನ ಕಂತೆ ಎತ್ತಿಕೊಂಡರು. ಅವರ ಮಂಡಿನೋವಿನ ಮುಂದೆ ನನ್ನದು ಯಾವ ಲೆಕ್ಕ? ನಾನು ಈ ಮನೆಗೆ ಬಂದಾಗಿನಿಂದ ಅವರ ಹತ್ತಿರ ಮುಲಾಮಿನ ವಾಸನೆ ಬಂದದ್ದೇ ಇಲ್ಲ.

ಸೊಂಟವೇನೋ ಹಗುರಾಗಿದೆ. ಅತ್ತೆ ಗೋಡೆ ಹಿಡಿದು ಏಳುವಾಗಲೆಲ್ಲ "ದೇವುಡಾ" ಅನ್ನುವುದು ಇಲ್ಲಿಗೂ ಕೇಳಿಸುತ್ತಿದೆ. ಇನ್ನೂ ಮೇಲಿನ ಅಟ್ಟಣೆಯ ಹುಳಕ್ಕೆ ಸೊಪ್ಪು ಹಾಕುವುದು ಬಾಕಿ ಇದೆ.